ಗಿಡ್ಡನಕೆರೆಯ ಬಲಹೆಗಲು

ಶನಿವಾರ ಮಧ್ಯಾಹ್ನ, ಊಟದ ಡಬ್ಬಿಗಳ ಹುಳಿಸಾರಿನ ವಾಸನೆ ಇನ್ನೂ ತರಗತಿಯಲ್ಲೇ ಸುಳಿದಾಡುತ್ತಿರುವಾಗ, ರಾಧಾಮಣಿ ಒಂದು ಹೆಗಲ ಮೂಳೆಯನ್ನು ಶಿಲ್ಪಳ ಕೈಗಿಟ್ಟಳು.

"ಎಡನೋ, ಬಲನೋ?"

ಶಿಲ್ಪ ಮೂಳೆಯನ್ನು ತಿರುಗಿಸಿ, ಬೆನ್ನಿನ ಕಡೆಯ ಮುಖ ತನ್ನತ್ತ ಬರುವಂತೆ ಹಿಡಿದಳು. ಹಿಡಿಯುವುದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಎಡ ಮಿಸ್," ಎಂದಳು.

ಅದು ಬಲಗಡೆಯದು.

ರಾಧಾಮಣಿ ಮುಖದಲ್ಲಿ ಏನೂ ತೋರಿಸದೆ ಮೂಳೆಯನ್ನು ಐಮನ್ ಕೈಗೆ ದಾಟಿಸಿದಳು. ಐಮನ್ ಕೂಡ ಎಡ ಎಂದಳು. ಪಕ್ಕದವಳು ಎಡ, ಅವಳ ಹಿಂದಿನವಳು ಎಡ. ಪೆಟ್ಟಿಗೆಯಿಂದ ಇನ್ನೊಂದು ಮೂಳೆ ತೆಗೆದು, ಈ ಸಲ ಎಡಗಡೆಯದನ್ನು ಕೊಟ್ಟರೆ, ಇಡೀ ಕೋಣೆ ಬಲ ಎಂದಿತು. ಒಬ್ಬಳೂ ತಡವರಿಸಲಿಲ್ಲ. ಕಣ್ಣು ಮುಚ್ಚಿ ಊಹೆ ಹೊಡೆದಿದ್ದರೂ ಅರ್ಧ ಜನ ಸರಿ ಹೇಳಬೇಕಿತ್ತಲ್ಲ! ಓದದೇ ಬಂದವರು ಹೀಗೆ ತಪ್ಪುವುದಿಲ್ಲ. ಚೆನ್ನಾಗಿ ಓದಿಕೊಂಡು ಬಂದವರು ಮಾತ್ರ ಇಷ್ಟು ಒಗ್ಗಟ್ಟಿನಿಂದ ತಪ್ಪಬಲ್ಲರು. ಅದೇ ಅವಳ ಎದೆಗೆ ನಾಟಿದ್ದು. ಇವರಿಗೆ ಕಲಿಸಿದವಳು ತಾನೇ.

ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ತಣಿಸಂದ್ರದ ರಸ್ತೆಯ ಮೇಲೆ, ಕೆಳಗೆ ಟೈಲ್ಸ್ ಅಂಗಡಿ ಮೇಲೆ ಕಾಲೇಜು ಎಂಬಂತಿರುವ ಆ ಕಟ್ಟಡದಲ್ಲಿ ಎಕ್ಸ್-ರೇ ತಂತ್ರಜ್ಞರ ಡಿಪ್ಲೊಮಾ ಕಲಿಯುವ ಈ ಹುಡುಗಿಯರಿಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಮೂಳೆಯ ಮೇಲಿನ ಒಂದು ಗುರುತಿನ ಹೆಸರು ಮರೆತರೆ ಅಂಕ ಹೋಗುತ್ತದೆ. ಎಡಬಲ ತಪ್ಪಿದರೆ ಫೇಲು, ಮತ್ತೆ ಮುಂದಿನ ವರ್ಷ. ಅದರಲ್ಲಿ ಅನ್ಯಾಯವೇನೂ ಇಲ್ಲ ಎಂಬುದು ರಾಧಾಮಣಿಗೆ ಚೆನ್ನಾಗಿ ಗೊತ್ತು. ಎಕ್ಸ್-ರೇ ತೆಗೆಯುವವಳು ಎಡಬಲ ತಪ್ಪಿದರೆ ನೋಯದ ಹೆಗಲಿಗೆ ಕತ್ತರಿ ಬೀಳುತ್ತದೆ. ಆದರೆ ಮುಂದಿನ ವರ್ಷ ಎನ್ನುವುದು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆರ್.ಟಿ. ನಗರದ ಐಮನ್‌ಳ ತಂದೆ ಒಂದು ವರ್ಷಕ್ಕೆ ಒಪ್ಪಿದ್ದೇ ಹೆಚ್ಚು. ಅವಳಿಗಾಗಿ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಕಾಯುತ್ತಿದೆ, ಪಾಸಾದರೆ. ಶಿಲ್ಪಳ ಮನೆಯಲ್ಲಿ ಗಂಡು ನೋಡುವುದನ್ನು ಪರೀಕ್ಷೆಯ ತನಕ ತಡೆದಿಟ್ಟಿದ್ದಾರೆ, ಅಷ್ಟೆ.

ಪ್ರಿನ್ಸಿಪಾಲ್ ಸುರೇಶ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಎಲ್ಲಾರೂ ತಪ್ಪಾ ಮೇಡಂ? ಒಬ್ರೂ ಬಿಡದೆ?"

"ಹೂಂ ಸಾರ್."

"ಸ್ಕ್ರೀನಲ್ಲಿ ಹಾಕಿ, ತಿರುಗ್ಸಿ ತಿರುಗ್ಸಿ ತೋರ್ಸಿ ಅಂತ ನಾನ್ ಬಡ್ಕೊಂಡೆ. ನೀವು ಕೆರೆ, ಏರಿ, ಕೋಡಿ ಅಂದ್ಕೊಂಡು ಕೂತ್ರಿ. ಈ ಮಕ್ಳು ಕೆರೆ ಎಲ್ ನೋಡಿದಾರೆ ಮೇಡಂ? ವಾಟರ್ ಟ್ಯಾಂಕರ್ ನೋಡಿದಾರೆ."

ಹುಡುಗಿಯರು ನಕ್ಕರು. ಆಮೇಲೆ ರಾಧಾಮಣಿಯ ಮುಖ ನೋಡಿ ತಲೆ ತಗ್ಗಿಸಿದರು.

ಈ ಕೆರೆಯ ಪಾಠದ ವಿಷಯ ಸ್ವಲ್ಪ ಹೇಳಬೇಕು.

ಜಕ್ಕೂರಿನಿಂದ ಈಚೆಗೆ, ತಣಿಸಂದ್ರದಿಂದ ಆಚೆಗೆ, ಗಿಡ್ಡನಕೆರೆ ಎಂದೊಂದು ಸಣ್ಣ ಕೆರೆ. ಅದರ ಏರಿಗೆ ಬೆನ್ನು ಕೊಟ್ಟುಕೊಂಡಿದ್ದ ಊರಿನಲ್ಲಿ ರಾಧಾಮಣಿ ಹುಟ್ಟಿದ್ದು. ಅಪ್ಪ ಪಿಳ್ಳಣ್ಣ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತಿ ಇಳಿಸುವುದು ಅವನ ಕೆಲಸ. ಕೆರೆಯ ನೀರು ಒಂದು ಕಡೆ, ಗದ್ದೆಬಯಲು ಇನ್ನೊಂದು ಕಡೆ, ನಡುವೆ ನೀರು ತಡೆಯುವ ಮಣ್ಣಿನ ಒಡ್ಡು, ಏರಿ. ಆ ಏರಿಯ ಮೇಲೆ ನಡೆದೇ ಅವಳು ಶಾಲೆಗೆ ಹೋದಳು, ಆಮೇಲೆ ಬಸ್ಸು ಹಿಡಿದು ಕಾಲೇಜಿಗೂ ಹೋದಳು. ತಲೆಯ ಮೇಲೆ ಜಕ್ಕೂರಿನ ವಿಮಾನಶಾಲೆಯ ಪುಟ್ಟ ವಿಮಾನಗಳು ಗುಂಯ್ ಎಂದು ಸುತ್ತುತ್ತಿದ್ದವು. ಏರಿಯ ಮೇಲಿನ ಹೊಂಗೆ ಮರದ ನೆರಳಲ್ಲಿ ಕೂತು ಊರಿನ ಹೆಂಗಸರು, ಈ ವಿಮಾನ ಓಡಿಸುವವನಿಗೆ ಹೆಂಡತಿಮಕ್ಕಳಿಲ್ಲವೇ, ಬೆಳಗಿನಿಂದ ಸುಮ್ಮನೆ ಸುತ್ತುತ್ತಾನಲ್ಲ ಎಂದು ಆಡಿಕೊಳ್ಳುತ್ತಿದ್ದರು.

ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿದವಳಿಗೆ ಕಾಲೇಜಿನಲ್ಲಿ ಮೊದಲು ಎದುರಾದದ್ದೇ ಅನಾಟಮಿ. ಫಾಸಾ, ಫೊರಾಮೆನ್, ಕ್ರೆಸ್ಟ್, ಟ್ಯೂಬರ್‌ಕಲ್, ಫೇಸೆಟ್. ಮೂಳೆಯ ಮೈಮೇಲಿನ ಒಂದೊಂದು ಉಬ್ಬಿಗೂ ತಗ್ಗಿಗೂ ತೂತಿಗೂ ಒಂದೊಂದು ಹೆಸರು. ರಾಧಾಮಣಿ ಅವನ್ನು ಮಗ್ಗಿಯ ಹಾಗೆ ಉರುಹೊಡೆದಳು. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುತ್ತಿರಲಿಲ್ಲ. ಕೇಳಿದಾಗ ಬಾಯಿಗೆ ಬರದೆ, ಪಾಠ ಹೇಳುವ ಮಹಾನುಭಾವರು ಇಡೀ ಕ್ಲಾಸಿನ ಎದುರು, "ನಿಮ್ಮೂರಲ್ಲಿ ಸೊಪ್ಪು ಮಾರೋಕೆ ಇಷ್ಟೆಲ್ಲಾ ಯಾಕಮ್ಮಾ" ಎಂದಿದ್ದರು. ವಿದ್ಯಾವಂತರ ಬಾಯಿಂದ ಇಂಥ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಸೊಪ್ಪು ಮಾರಿದ ದುಡ್ಡಿನಲ್ಲೇ ಅವಳ ಕಾಲೇಜಿನ ಫೀಸು ಕಟ್ಟಿದ್ದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೊಂದು ಸಲ ನಗುತ್ತಿದ್ದರೋ ಏನೋ.

ಆವತ್ತು ಸಂಜೆ ಅವಳು ಅಳು ನುಂಗಿಕೊಂಡು ಏರಿಯ ಮೇಲೆ ಬರುತ್ತಿದ್ದಳು. ಕೈಯಲ್ಲಿ ಪುಸ್ತಕ, ಪುಸ್ತಕದಲ್ಲಿ ಹೆಗಲ ಮೂಳೆಯ ಚಿತ್ರ. ಅಂಗೈಯಗಲದ ಮೂರು ಮೂಲೆಯ ಹಲಗೆ. ಅದರ ಬೆನ್ನಿನ ಮುಖದಲ್ಲಿ ಅಡ್ಡಡ್ಡಲಾಗಿ ಒಂದು ದಿಬ್ಬ, ಹೆಸರು ಸ್ಪೈನ್. ದಿಬ್ಬದ ಮೇಲ್ಗಡೆ ಸಣ್ಣದೊಂದು ತಗ್ಗು, ಕೆಳಗಡೆ ದೊಡ್ಡದೊಂದು ತಗ್ಗು, ಎರಡಕ್ಕೂ ಹೆಸರು ಫಾಸಾ. ದಿಬ್ಬದ ಹೊರತುದಿಯಲ್ಲಿ, ತೋಳು ಬಂದು ಕೂರುವ ಕಡೆ, ಒಂದು ಕಚ್ಚು, ಹೆಸರು ನಾಚ್. ಆ ಕಚ್ಚನ್ನು ಬಳಸಿಕೊಂಡು ಮೇಲಿನ ತಗ್ಗಿನಿಂದ ಕೆಳಗಿನ ತಗ್ಗಿಗೆ ನರವೂ ರಕ್ತನಾಳವೂ ಇಳಿಯುತ್ತವೆ. ರಾಧಾಮಣಿ ನಿಂತಲ್ಲೇ ನಿಂತಳು. ಚಿತ್ರ ನೋಡಿದಳು, ಕೆರೆ ನೋಡಿದಳು. ತಾನು ನಿಂತಿರುವುದು ಆ ದಿಬ್ಬದ ಮೇಲೆ. ಮುಂದಿರುವ ನೀರು ಮೇಲಿನ ತಗ್ಗು. ಬೆನ್ನ ಹಿಂದಿನ ಗದ್ದೆಬಯಲು ಕೆಳಗಿನ ತಗ್ಗು. ಬಲಗೈಯ ಕಡೆ, ಏರಿ ಮುಗಿಯುವಲ್ಲಿ, ತುಂಬಿದ ಕೆರೆಯ ನೀರು ಹರಿದುಹೋಗುವ ಕೋಡಿ. ಅದೇ ಕಚ್ಚು!

ಮನೆಗೆ ಓಡಿ, ರಾಗಿಹಿಟ್ಟು ತೊಳಸುತ್ತಿದ್ದ ಚಿಕ್ಕಮ್ಮ ಬೈರಮ್ಮನಿಗೆ, "ಚಿಕ್ಕಮ್ಮಾ, ನಮ್ ಕೆರೆ ಬಲಗಡೆ ಹೆಗಲು ಕಣೆ," ಎಂದಳು. ಬೈರಮ್ಮ ಕೋಲು ಬಿಡದೆ, "ಗಾಳಿಗೀಳಿ ಮೆಟ್ಟಿಕೊಂಡೈತೇನಮ್ಮಿ," ಎಂದಿದ್ದಳು.

ಅಲ್ಲಿಂದ ಎಲ್ಲವೂ ಊರಾಯಿತು. ಫೊರಾಮೆನ್ ಎಂದರೆ ಅಪ್ಪ ಎತ್ತಿ ಇಳಿಸುವ ತೂಬು. ಕ್ರೆಸ್ಟ್ ಗದ್ದೆಯ ಬದು. ಟ್ಯೂಬರ್‌ಕಲ್ ಬೇಲಿ ಸಂದಿಯ ಹುತ್ತ. ಫೇಸೆಟ್ ಎಂದರೆ ಸಗಣಿ ಸಾರಿಸಿದ ಕಣ, ಒಂದು ಮೂಳೆ ಇನ್ನೊಂದರ ಮೇಲೆ ಜಾರುವುದಕ್ಕೆ ನುಣ್ಣಗಿರಬೇಕಾದ ಜಾಗ. ಅವಳು ಪಾಸಾದಳು, ಪಾಠ ಹೇಳುವವಳೂ ಆದಳು. ಯಶವಂತಪುರದ ಕಾರ್ಖಾನೆಯಲ್ಲಿದ್ದ ಶಿವರಾಮನನ್ನು ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಹೋದಳು. ಆದರೆ ಪ್ರತಿವರ್ಷ ಹೊಸ ತಂಡ ಬಂದಾಗ ಹುಡುಗಿಯರನ್ನು ನಡೆಸಿಕೊಂಡೇ ಗಿಡ್ಡನಕೆರೆಗೆ ಕರೆದೊಯ್ದು ಏರಿಯ ಮೇಲೆ ನಿಲ್ಲಿಸುತ್ತಿದ್ದಳು. "ನೀರಿಗೆ ಮುಖ ಮಾಡಿ ನಿಂತ್ಕೊಳ್ಳಿ. ಕೋಡಿ ಯಾವ ಕೈಗೆ ಬಂತು? ಬಲಕ್ಕೆ. ನಮ್ ಕೆರೆ ಬಲಹೆಗಲು. ಇದನ್ನ ಮರೀಬೇಡಿ, ಎಡದ್ದು ತಾನಾಗೇ ಗೊತ್ತಾಗುತ್ತೆ." ಬೈರಮ್ಮನ ಮನೆಯಲ್ಲಿ ಎಲ್ಲರಿಗೂ ಮಜ್ಜಿಗೆ. ಅವಳ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನ ಹೆಬ್ಬಾಳ, ಯಲಹಂಕದ ಆಸ್ಪತ್ರೆಗಳ ಕತ್ತಲೆ ಕೋಣೆಗಳಲ್ಲಿ ಇವತ್ತಿಗೂ ಫಿಲಂ ಎತ್ತಿ ಹಿಡಿದಾಗ ಒಂದು ಕ್ಷಣ ಆ ಏರಿ ಹತ್ತಿ ಇಳಿಯುತ್ತಾರೆ.

ಈ ವರ್ಷ ಮಾತ್ರ ಕರೆದುಕೊಂಡು ಹೋಗಲಾಗಲಿಲ್ಲ. "ಕಾಲೇಜಿಂದ ಹೊರಗೆ ಮಕ್ಳನ್ನ ನಡೆಸ್ಕೊಂಡ್ ಹೋಗೋ ಹಾಗಿಲ್ಲ ಮೇಡಂ. ಆ ರೋಡಲ್ಲಿ ಟಿಪ್ಪರ್ ಲಾರಿ ನೋಡಿದೀರಲ್ಲ, ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದು ಸುರೇಶ್ ತಡೆದರು. ಅವರು ಕೆಟ್ಟವರಲ್ಲ. ಟಿಪ್ಪರ್ ಇರುವುದೂ ನಿಜ. ಹುಡುಗಿಯರು ನಡೆಯಲಾಗದ ರಸ್ತೆಯನ್ನು ಮಾಡಿಟ್ಟು, ರಸ್ತೆ ಸರಿ ಮಾಡುವ ಬದಲು ಹುಡುಗಿಯರನ್ನು ಒಳಗಿಡುವುದು ಈ ನಗರಕ್ಕೆ ರೂಢಿಯಾಗಿದೆ. ರಾಧಾಮಣಿ ಮೊದಲಿನಷ್ಟು ಜಗಳವಾಡುವವಳಲ್ಲ. ನಿವೃತ್ತಿ ಹತ್ತಿರ. "ಭಾನುವಾರ ನೀವ್ ನೀವೇ ಹೋಗಿ ನೋಡ್ಕೊಂಡ್ ಬನ್ನಿ. ನಮ್ ಕೆರೆ ಬಲಹೆಗಲು. ಏರಿ ಮೇಲೆ ನಿಂತು, ನೀರಿಗೆ ಮುಖ ಮಾಡಿ, ಕೋಡಿ ಯಾವ ಕೈಗಿದೆ ಗುರುತಿಟ್ಕೊಳ್ಳಿ," ಎಂದು ಕಳಿಸಿದ್ದಳು. ಹೋಗಿ ಬಂದಿದ್ದರು.

"ಹೋಗಿದ್ರಲ್ವೇನ್ರೇ?" ಎಂದು ಈಗ ಕೇಳಿದಳು.

"ಹೋಗಿದ್ವಿ ಮಿಸ್! ಎಲ್ಲಾರೂ. ಫೋಟೋನೂ ತಗೊಂಡ್ವಿ," ಎಂದಳು ಶಿಲ್ಪ.

"ಕೋಡಿ ಯಾವ ಕೈಗಿತ್ತು?"

"ಎಡಗೈಗೆ ಮಿಸ್."

ರಾಧಾಮಣಿ ಕೈಯಲ್ಲಿದ್ದ ಮೂಳೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ಕೆರೆಯನ್ನು ಯಾರಾದರೂ ತಿರುಗಿಸಿ ಇಡಲು ಸಾಧ್ಯವೇ? ಅಥವಾ ಇಷ್ಟು ವರ್ಷ ತನಗೇ ಏನಾದರೂ...

"ನಾಳೆ ಬೆಳಿಗ್ಗೆ ಎಲ್ಲಾರೂ ಅಲ್ಲಿಗೇ ಬನ್ನಿ. ನಿಂತ ಜಾಗ ತೋರ್ಸಿ," ಎಂದಳು. ಭಾನುವಾರ ಸುರೇಶರ ನಿಯಮಕ್ಕೆ ರಜೆ.

ಹುಡುಗಿಯರು ಹೇಳಿದ ಜಾಗಕ್ಕೆ ಆಟೋ ಬಂದು ನಿಂತಾಗ ರಾಧಾಮಣಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳು ಈ ಕಡೆಯಿಂದ ಕೆರೆಗೆ ಬಂದವಳೇ ಅಲ್ಲ. ಇದು ಹಿನ್ನೀರಿನ ದಡ. ಹಿಂದೆ ಇಲ್ಲಿ ಜೊಂಡು, ಕೆಸರು, ಎಮ್ಮೆಗಳು. ಈಗ ಎತ್ತರದ ಅಪಾರ್ಟ್‌ಮೆಂಟುಗಳ ಸಾಲು. ಅವುಗಳ ಕಾಲ ಬುಡದಲ್ಲಿ ಕೆರೆಗೆ ಒಂದು ಗೇಟು. ಗೇಟಿನ ಪಕ್ಕ ಒಂದು ಬೋರ್ಡು: ಬಟ್ಟೆ ಒಗೆಯಬಾರದು, ದನ ಬಿಡಬಾರದು, ಮೀನು ಹಿಡಿಯಬಾರದು, ಸೊಪ್ಪು ಕೊಯ್ಯಬಾರದು. ಇಷ್ಟುದ್ದ ಬರೆಯುವ ಬದಲು ಊರಿನವರು ಬರಬಾರದು ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಬಣ್ಣ ಉಳಿಯುತ್ತಿತ್ತು.

ಒಳಗೆ ಮಣ್ಣು ತುಂಬಿ ಎತ್ತರಿಸಿ, ಕಲ್ಲು ಹಾಸಿದ ನಡಿಗೆಯ ದಾರಿ. ಅದರ ಮೇಲೆ ಕಿವಿಗೆ ಇಯರ್‌ಫೋನಿನ ಬಿರಟೆ ಸಿಕ್ಕಿಸಿಕೊಂಡವರು, ನಾಯಿ ಹಿಡಿದವರು ರಭಸದಿಂದ ಹೋಗುತ್ತಿದ್ದರು.

"ಇಲ್ಲೇ ಮಿಸ್ ನಿಂತಿದ್ದು," ಎಂದಳು ಶಿಲ್ಪ. "ಇದೇ ಅಲ್ವಾ ಏರಿ? ಎತ್ತರಕ್ಕಿದೆ. ನೀರಿಗೆ ಮುಖ ಮಾಡ್ದಾಗ ಅಗೋ, ಆ ಕಡೆ ನೀರು ಬೀಳೋದು ಕಾಣುತ್ತಲ್ಲ. ಎಡಕ್ಕೆ."

ರಾಧಾಮಣಿ ಆ ಕಲ್ಲುಹಾಸಿನ ಮೇಲೆ ನಿಂತು ನೀರಿನಾಚೆ ನೋಡಿದಳು. ದೂರದಲ್ಲಿ, ನೀರಿನ ಆ ಅಂಚಿನಲ್ಲಿ, ಮಂಕಾದ ಒಂದು ಹಸಿರು ಗೆರೆ. ಅದು ಏರಿ. ಅದರ ಒಂದು ತುದಿಗೆ ಕೋಡಿ. ಇಲ್ಲಿಂದ ನೋಡಿದರೆ ಎಡಗೈಗೇ ಬರುತ್ತದೆ. ಹುಡುಗಿಯರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೆರೆಯ ಮುಂಬಾಗಿಲು ಹಿಂಬಾಗಿಲಾಗಿ, ಹಿಂಬಾಗಿಲು ಮುಂಬಾಗಿಲಾಗಿದೆ. ಅವಳು ಕಲಿಸಿದ್ದು ಊರಿನ ಕಡೆಯಿಂದ ಕಾಣುವ ಕೆರೆ, ಇವರು ನೋಡಿದ್ದು ಅಪಾರ್ಟ್‌ಮೆಂಟಿನ ಕಡೆಯಿಂದ ಕಾಣುವ ಕೆರೆ. 'ಏರಿ ಮೇಲೆ' ಎಂದು ಹೇಳಿದಳೇ ಹೊರತು ಏರಿ ಯಾವುದು ಎಂದು ಹೇಳಬೇಕು ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಏರಿ ಯಾವುದು ಎಂದು ಯಾರಾದರೂ ಕೇಳುವ ಕಾಲ ಬರುತ್ತದೆ ಎಂದು ನೀರುಗಂಟಿಯ ಮಗಳಿಗೆ ಹೇಗೆ ಹೊಳೆಯಬೇಕು?

"ತಪ್ಪಾಯ್ತಾ ಮಿಸ್?" ಐಮನ್ ಮೆಲ್ಲಗೆ ಕೇಳಿದಳು.

"ನಿಮ್ದಲ್ಲ ಕಣ್ರೇ. ನಡೀರಿ, ಆ ಕಡೆ ಹೋಗಣ."

ಕೆರೆಯ ಒಳಗಿಂದ ಆ ಕಡೆಗೆ ದಾರಿಯಿರಲಿಲ್ಲ. ನಡಿಗೆಯ ದಾರಿ ಅರ್ಧಚಂದ್ರದ ಹಾಗೆ ಬಂದು ಒಂದು ಕಬ್ಬಿಣದ ಬಲೆಗೆ ತಾಗಿ ನಿಂತುಬಿಟ್ಟಿತ್ತು. ಬಲೆಯ ಹತ್ತಿರ ಕೂತಿದ್ದ ಕಾವಲುಗಾರ, "ಆ ಕಡೆ ಸ್ಲಂ ಮೇಡಂ, ಅದಕ್ಕೇ ಕ್ಲೋಸ್ ಮಾಡಿದಾರೆ," ಎಂದ.

"ಅದು ಸ್ಲಂ ಅಲ್ಲಪ್ಪ, ನಮ್ಮೂರು," ಎಂದಳು ರಾಧಾಮಣಿ.

ಅವನು ಪಾಪ, ಅವನ ಊರು ಎಲ್ಲಿಯದೋ. ಎದ್ದು ನಿಂತು, "ಸಾರಿ ಮೇಡಂ," ಎಂದ.

ಸುತ್ತು ಬಳಸಿ, ದೊಡ್ಡ ರಸ್ತೆಗೆ ಹೋಗಿ, ಮತ್ತೆ ಗಲ್ಲಿಗೆ ಇಳಿದು ಬೈರಮ್ಮನ ಮನೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಹೆಂಚಿನ ಮನೆ ಹೋಗಿ ಮೂರಂತಸ್ತಿನ ತಾರಸಿ ಮನೆಯಾಗಿದೆ. ಕೆಳಗೆ ಬೈರಮ್ಮ, ಅವಳ ಮಗ ಗಿರಿ, ಸೊಸೆ ಸುಮಾ. ಮೇಲೆ ಬಾಡಿಗೆಯವರು. ಹಿತ್ತಿಲು ಮಾತ್ರ ಹಾಗೇ ಇದೆ, ಒಗೆಯುವ ಕಲ್ಲು, ನುಗ್ಗೆಮರ, ಆಮೇಲೆ ಏರಿ. ಏರಿಯ ನೆತ್ತಿಯುದ್ದಕ್ಕೂ ಅದೇ ಕಬ್ಬಿಣದ ಬಲೆ, ಹೋದ ವರ್ಷ ಇರಲಿಲ್ಲ.

"ಓ, ಬಂದ್ಲಪ್ಪ ಮೂಳೆ ಟೀಚರು, ದಂಡು ಕಟ್ಕಂಡು!" ಬೈರಮ್ಮ ಜಗಲಿಯ ಮೇಲಿಂದಲೇ ಕೂಗಿದಳು. "ಮಜ್ಜಿಗೆ ಇಲ್ಲ ಕಣಮ್ಮಿ, ಎಮ್ಮೆ ಮಾರ್ಬಿಟ್ವಿ. ಪ್ಯಾಕೆಟ್ ಮೊಸ್ರು ಐತೆ, ನೀರ್ ಬೆರ್ಸಿ ಕೊಡ್ತೀನಿ, ಕುಡ್ದು ಓಗ್ರಿ."

ಹುಡುಗಿಯರನ್ನು ತಾರಸಿಗೆ ಹತ್ತಿಸಿ ರಾಧಾಮಣಿ ಮತ್ತೆ ಪಾಠ ಶುರು ಮಾಡಿದಳು. ಇದು ಏರಿ, ಅದು ನೀರು, ಈಗ ನೋಡಿ, ಕೋಡಿ ಯಾವ ಕೈಗೆ? ಬಲಕ್ಕೆ. ಬೆನ್ನ ಹಿಂದೆ ಗದ್ದೆ ಎನ್ನಲು ತಿರುಗಿದರೆ, ಹೋದ ವರ್ಷದವರೆಗೆ ಉಳಿದಿದ್ದ ತುಂಡು ಗದ್ದೆಯೂ ಇರಲಿಲ್ಲ. ಗೋದಾಮುಗಳ ತಗಡಿನ ಚಾವಣಿಗಳು ಬಿಸಿಲಿಗೆ ಕಣ್ಣು ಚುಚ್ಚಿದವು. ಆದರೂ ಪರವಾಗಿಲ್ಲ ಎಂದುಕೊಂಡು ಚೀಲದಿಂದ ಹೆಗಲ ಮೂಳೆ ತೆಗೆದಳು.

"ಶಿಲ್ಪ, ಹೇಳು."

"ಬಲ... ಇಲ್ಲ ಮಿಸ್. ಒಂದ್ನಿಮಿಷ. ಆ ಕಡೆಯಿಂದ ಎಡ, ಈ ಕಡೆಯಿಂದ ಬಲ... ಈಗ ನಾವ್ ಯಾವ ಕಡೆ ಇದೀವಿ?"

"ಐಮನ್?"

ಐಮನ್ ಮೂಳೆಯನ್ನು ಹಿಡಿದು ನೀರಿನತ್ತ ನೋಡಿದಳು, ಅಪಾರ್ಟ್‌ಮೆಂಟಿನತ್ತ ನೋಡಿದಳು. ಎಡ ಎಂದಳು, ಬಲ ಎಂದಳು, ಮತ್ತೆ ಎಡ ಎಂದಳು. ನಿನ್ನೆ ಎಲ್ಲರೂ ಒಟ್ಟಾಗಿ ತಪ್ಪುತ್ತಿದ್ದರು. ಇವತ್ತು ಒಬ್ಬೊಬ್ಬರೂ ಒಂದೊಂದು ರೀತಿ ತಪ್ಪಿದರು. ಒಂದೇ ತಲೆಯೊಳಗೆ ಎರಡು ಕೆರೆಗಳು ಕೂತುಬಿಟ್ಟಿದ್ದವು. ಒಂದನ್ನು ಒತ್ತಿ ಮುಳುಗಿಸಿದರೆ ಇನ್ನೊಂದು ತೇಲುತ್ತಿತ್ತು.

"ನಂಗೆ ಬರಲ್ಲ ಮಿಸ್," ಎಂದು ಐಮನ್ ಮೂಳೆಯನ್ನು ಜೋಪಾನವಾಗಿ ರಾಧಾಮಣಿಯ ಕೈಗೆ ವಾಪಸು ಕೊಟ್ಟು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. "ನಾಳೆ ಎಕ್ಸಾಮಲ್ಲಿ ಯಾವ ಕೆರೆ ಬರುತ್ತೋ ಯಾರಿಗ್ ಗೊತ್ತು. ಅಬ್ಬಾಗೆ ಏನ್ ಹೇಳ್ಲಿ?"

ರಾಧಾಮಣಿ ಮೂಳೆಯನ್ನು ಹಿಡಿದುಕೊಂಡೇ ತಾರಸಿಯ ಗೋಡೆಗೆ ಒರಗಿದಳು. ಯಾರದೋ ಮೂಳೆ. ಹೆಸರಿಲ್ಲದೆ ಸತ್ತ ಯಾರೋ ಕೂಲಿಯವನದ್ದೋ, ಭಿಕ್ಷೆಯವಳದ್ದೋ. ಕಾಲೇಜಿಗೆ ಅದು ಬರೀ ಸಾಮಾನು. ಅವಳು ಮಾತ್ರ ಹೊಸ ತಂಡಕ್ಕೆ ಮೊದಲ ದಿನ, ಇವರು ನಮಗೆ ಪಾಠ ಹೇಳೋಕೆ ಬಂದೋರು, ಕೆಳಗಿಡಬೇಡಿ, ಆಟ ಆಡಬೇಡಿ ಎನ್ನುತ್ತಿದ್ದಳು. ಈಗ ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಈ ಮಕ್ಕಳು ಪಾಸಾಗಬೇಕಾದರೆ ಇವರ ತಲೆಯಿಂದ ಕೆರೆ ಪೂರಾ ಹೋಗಬೇಕು. ಆ ಕಡೆಯ ಕೆರೆಯೂ ಹೋಗಬೇಕು, ಈ ಕಡೆಯದೂ ಹೋಗಬೇಕು. ಅಪ್ಪನ ತೂಬು, ಬದು, ಕಣ, ಎಲ್ಲ. ತನಗೆ ಹಿಡಿಯಲು ಕೊಂಬೆಯಾದದ್ದೇ ಇವರ ಕಾಲಿಗೆ ಬಳ್ಳಿಯಾಗಿ ಸುತ್ತಿಕೊಂಡಿದೆ. ಹಠ ಮಾಡಿದರೆ ಕೆರೆ ಉಳಿಯುವುದಿಲ್ಲ, ಹುಡುಗಿಯರು ಮುಳುಗುತ್ತಾರೆ.

"ಕೆಳಗ್ ನಡೀರಿ," ಎಂದಳು. "ಕೆರೆ ಮರ್ತ್‌ಬಿಡಿ."

"ಅಯ್ಯೋ, ಬೇಜಾರ್ ಮಾಡ್ಕೋಬೇಡಿ ಮಿಸ್," ಎಂದಳು ಶಿಲ್ಪ.

"ಬೇಜಾರೂ ಇಲ್ಲ ಏನೂ ಇಲ್ಲ. ಮರ್ತ್‌ಬಿಡಿ ಅಂದ್ರೆ ಮರ್ತ್‌ಬಿಡಿ."

ಹಿತ್ತಿಲಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಬೆನ್ನ ಹಿಂದೆ ಒಬ್ಬರನ್ನು ನಿಲ್ಲಿಸಿದಳು. ಮುಟ್ಟಿ ನೋಡಿ, ದಿಬ್ಬ ಸಿಗುತ್ತಾ? ಹುಡುಗಿಯರು ದಪ್ಪ ಬಟ್ಟೆಯ ಮೇಲೆ ತಡಕಾಡಿದರು, ಕಚಗುಳಿಯಾಗಿ ಕಿಸಕ್ಕೆಂದರು. ಎಳೆಯ ಮೈ, ಮಾಂಸ ತುಂಬಿಕೊಂಡು ಮೂಳೆಯೇ ಕೈಗೆ ಸಿಗುತ್ತಿರಲಿಲ್ಲ.

ಒಗೆಯುವ ಕಲ್ಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಬೈರಮ್ಮ, "ಏನಮ್ಮಿ ಅದು, ಸಂತೇಲಿ ಕುರಿ ಬೆನ್ ಇಸುಕ್ದಂಗೆ ಇಸುಕ್ತಾ ಅವ್ರೆ? ಏನ್ ಉಡುಕ್ತಾ ಇದೀರಿ?" ಎಂದಳು.

"ರೆಕ್ಕೆಮೂಳೆ ಚಿಕ್ಕಮ್ಮ."

"ಅದುಕ್ಕೆ ಈ ಕೊಬ್ಬಿದ್ ಕುರಿಗಳ್ನ ಯಾಕ್ ಇಡ್ದಿದ್ದೀಯ? ಬರೀ ಮೂಳೆ ಇರೋಳು ನಾನ್ ಇಲ್ಲಿ ಕುಂತಿಲ್ವಾ?"

ಅಂದವಳೇ ಗಿರಿ ಮನೆಯಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕುಪ್ಪಸ ಬಿಚ್ಚಿ ಸೆರಗನ್ನು ಮುಂದಕ್ಕೆ ಸುತ್ತಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತಳು.

ಹುಡುಗಿಯರು ಹತ್ತಿರ ಸರಿದರು. ಸುಕ್ಕುಬಿದ್ದ ತೆಳ್ಳನೆ ಚರ್ಮದ ಕೆಳಗೆ ಎರಡು ಹೆಗಲ ಮೂಳೆಗಳೂ ಒದ್ದೆಬಟ್ಟೆ ಹೊದಿಸಿದ ಮೊರಗಳ ಹಾಗೆ ಎದ್ದು ನಿಂತಿದ್ದವು. ದಿಬ್ಬ ಕಾಣುತ್ತಿತ್ತು. ಮೇಲಿನ ಸಣ್ಣ ತಗ್ಗು, ಕೆಳಗಿನ ದೊಡ್ಡ ತಗ್ಗು ಎರಡೂ ಕಾಣುತ್ತಿದ್ದವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮನೆಗೊಂದಾಳಿನಂತೆ ಹೂಳು ತೆಗೆದು ಏರಿಗೆ ಹೊರುವುದು ಊರಿನ ಪದ್ಧತಿಯಾಗಿತ್ತು. ಆ ಮನೆಯಿಂದ ಯಾವಾಗಲೂ ಹೋಗುತ್ತಿದ್ದ ಆಳು ಬೈರಮ್ಮ. ಹೂಳಿನ ಮಂಕರಿ ಹೊತ್ತೂ ಹೊತ್ತೂ ಬಲಗಡೆಯ ಹೆಗಲು ಎಡದ್ದಕ್ಕಿಂತ ಒಂದಿಷ್ಟು ಇಳಿದಿತ್ತು.

"ಐಮನ್, ಬಾ. ಅಜ್ಜಿ ಹಿಂದೆ ನಿಂತ್ಕೊ. ಅಜ್ಜಿ ಬಲಗೈ ಯಾವುದು?"

"ಇದು ಮಿಸ್."

"ನಿನ್ ಬಲಗೈ?"

"ಇದೇ ಕಡೆ."

"ಅಷ್ಟೇ ಕಣೆ. ಮೂಳೆ ಕೈಗೆ ತಗೊಂಡ್ರೆ ನೀನು ಯಾರದೋ ಬೆನ್ನ ಹಿಂದೆ ನಿಂತಿದೀಯ ಅಂತ ಲೆಕ್ಕ. ದಿಬ್ಬದ ಹೊರತುದಿ, ತೋಳಿನ ಕಡೆ ಇರೋದು, ಯಾವ ಕೈಗೆ ಬಂತೋ ಆ ಕಡೆದು. ಬೆನ್ನಿಗೆ ಇನ್ನೊಂದ್ ಗೇಟ್ ಯಾರೂ ಇಟ್ಟಿಲ್ಲ."

ಐಮನ್ ಪರ್ಸಿನಿಂದ ಕಾಡಿಗೆ ಪೆನ್ಸಿಲ್ ತೆಗೆದಳು. "ಅಜ್ಜಿ, ಬರೀಲಾ?"

"ಬರ್ಕ, ಬರ್ಕ. ಅಚ್ಚೆ ಉಯ್ಸ್ಕಂಡೋಳ್ಗೆ ಇದ್ಯಾವ್ ಲೆಕ್ಕ?"

ಅವಳು ಬಲಹೆಗಲ ದಿಬ್ಬದ ಉದ್ದಕ್ಕೂ ಒಂದು ಕಪ್ಪು ಗೆರೆ ಎಳೆದಳು. ಶಿಲ್ಪ ಎಡಕ್ಕೆ ಎಳೆದಳು. ಮಿಕ್ಕವರು ತಗ್ಗುಗಳ ಸುತ್ತ ಗೆರೆ ಹಾಕಿದರು, ತೋಳು ಕೂರುವ ಗುಣಿಯ ಜಾಗಕ್ಕೆ ದುಂಡನೆ ಚುಕ್ಕಿ ಇಟ್ಟರು. ರಾಧಾಮಣಿ ಅವರ ಹಿಂದೆ ನಿಂತು ಹೆಸರುಗಳನ್ನು ಹೇಳುತ್ತಾ ಹೋದಳು. ಸ್ಪೈನ್. ಫಾಸಾ. ನಾಚ್. ಪುಸ್ತಕದಲ್ಲಿರುವ ಹಾಗೆ, ಬೋಳು ಹೆಸರುಗಳು. ಏರಿ ಎನ್ನುವ ಪದ ನಾಲಿಗೆಯ ತುದಿಗೆ ಬರುತ್ತಿತ್ತು, ಪ್ರತಿಸಲವೂ ನುಂಗಿದಳು. ಒಬ್ಬೊಬ್ಬರೂ ಬಂದು ಕೈಯಲ್ಲಿ ಮೂಳೆ ಹಿಡಿದು, ಬೈರಮ್ಮನ ಬೆನ್ನಿಗೆ ಸರಿಹೊಂದಿಸಿ ನೋಡಿ, ಬಲ ಎಂದರು, ಎಡ ಎಂದರು. ಈ ಸಲ ಹೇಳಿದ್ದೆಲ್ಲ ಸರಿಯಾಗಿತ್ತು.

"ಇನ್ನೂ ಎಷ್ಟೊತ್ತೇ? ಬೆನ್ನು ತಣ್ಣಗಾಯ್ತದೆ," ಎಂದಳು ಬೈರಮ್ಮ. "ಇಷ್ಟ್ ಜನ ನನ್ ಬೆನ್ ನೋಡಿದ್ದು ಇದೇ ಮೊದ್ಲು. ನನ್ ಗಂಡಾನೂ ಇಷ್ಟೊತ್ತು ನೋಡಿರ್ಲಿಲ್ಲ."

ಸುಮಾ ಮಜ್ಜಿಗೆ ತಂದವಳು ನಗು ತಡೆಯಲಾಗದೆ ಲೋಟ ತುಳುಕಿಸಿದಳು.

ಸೋಮವಾರ ಪರೀಕ್ಷೆಯ ಕೋಣೆಗೆ ರಾಧಾಮಣಿಗೆ ಪ್ರವೇಶವಿರಲಿಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಕೂತು, ಒಳಗಿನಿಂದ ಬರುವವರ ಮುಖವನ್ನೇ ಕಾದಳು. ಶಿಲ್ಪ ಬಂದವಳೇ ಹೆಬ್ಬೆರಳು ಎತ್ತಿದಳು. ಐಮನ್ ತುಂಬ ಹೊತ್ತು ಬರಲಿಲ್ಲ. ಬಂದಾಗ ರಾಧಾಮಣಿಯ ಪಕ್ಕ ಕೂತು, ಅವಳ ತೋಳು ಹಿಡಿದುಕೊಂಡು, "ಎರಡು ಮೂಳೆ ಕೊಟ್ರು ಮಿಸ್. 'ಶ್ಯೂರಾ?' ಅಂತ ಹೆದರ್ಸಿದ್ರು. ನಾನ್ ಬದಲಾಯಿಸ್ಲಿಲ್ಲ," ಎಂದಳು. ಸಂಜೆ ಹೊತ್ತಿಗೆ ಸುರೇಶ್ ಬಂದು, ಮೂಳೆಯ ಪರೀಕ್ಷೆಯಲ್ಲಿ ಯಾರೂ ಫೇಲಾಗಿಲ್ಲ, ಎಲ್ಲರೂ ದಾಟಿದರು ಎಂದು ಹೇಳಿದರು. "ಕೊನೆಗೂ ಸ್ಕ್ರೀನಲ್ಲಿ ತೋರಿಸಿದ್ರಾ ಮೇಡಂ?"

"ಇಲ್ಲ ಸಾರ್. ಆದ್ರೆ ಕೆರೆ ಬಿಟ್ಟೆ," ಎಂದಳು. ಅವರು ಗೆದ್ದವರಂತೆ ತಲೆಯಾಡಿಸಿದರು. ಅವಳು ತಿದ್ದಲು ಹೋಗಲಿಲ್ಲ.

ನೇರ ಮನೆಗೆ ಹೋಗದೆ ಊರಿನ ಬಸ್ಸು ಹತ್ತಿದಳು. ಬೈರಮ್ಮ ಹಿತ್ತಿಲಲ್ಲೇ ಕಾದಿದ್ದವಳ ಹಾಗೆ ಕೂತಿದ್ದಳು.

"ಏನಾಯ್ತೇ? ನನ್ ಬೆನ್ನು ಪಾಸಾಯ್ತಾ?"

"ಪಾಸಾಯ್ತು ಚಿಕ್ಕಮ್ಮ. ಎಲ್ಲಾರೂ."

"ಅಂಗಾದ್ರೆ ತಗಾ," ಎಂದು ಪಕ್ಕದಲ್ಲಿದ್ದ ಬಿಸಿನೀರಿನ ಚೊಂಬು, ಸೀಗೆಪುಡಿ ತೋರಿಸಿ ಬೆನ್ನು ತಿರುಗಿಸಿದಳು. ಕಾಡಿಗೆಯ ಗೆರೆಗಳು ಇನ್ನೂ ಇದ್ದವು. ಬೆವರಿಗೆ ಅಲ್ಲಲ್ಲಿ ಹರಡಿಕೊಂಡಿದ್ದವು, ಅಷ್ಟೆ. "ಸುಮಾ ನಿನ್ನೇನೇ ಉಜ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ಮಕ್ಳ ಪರೀಕ್ಸೆ ಮುಗಿಯೋಗಂಟ ಅಳಿಸ್‌ಬಾರ್ದು ಅಂತ ನೀರೇ ಉಯ್ಕಳ್ಳಿಲ್ಲ. ಮೈಯೆಲ್ಲಾ ನವೆ."

ರಾಧಾಮಣಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ನೀರು ಹೊಯ್ದು, ಸೀಗೆಪುಡಿ ಹಚ್ಚಿ, ಮೊದಲು ಎಡಗಡೆ ಉಜ್ಜಿದಳು. ಬಲಗಡೆಗೆ ಬಂದಾಗ ಅವಳ ಕೈ ದಿಬ್ಬದ ಗೆರೆಯುದ್ದಕ್ಕೂ ಮೆಲ್ಲಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಶಾಲೆಯ ಚೀಲ ಹಾಕಿಕೊಂಡು ಅವಳು ನಡೆದ ದಾರಿ ಅಷ್ಟೇ ಉದ್ದವಿತ್ತು, ಅಷ್ಟೇ ಸೊಟ್ಟಗಿತ್ತು. ಕಪ್ಪುನೀರು ತುದಿಯ ಕಚ್ಚಿನ ಹತ್ತಿರ ಒಂದು ಕ್ಷಣ ತಡೆದು, ಬೆನ್ನಿನ ಕೆಳಕ್ಕೆ ಇಳಿದುಹೋಯಿತು.

"ಜೋರಾಗ್ ಉಜ್ಜಮ್ಮಿ," ಎಂದಳು ಬೈರಮ್ಮ. "ಅಳ್ತಾ ಉಜ್ಜಿದ್ರೆ ಕಾಡಿಗೆ ಓಗಲ್ಲ."